ಬೆರಳೋ, ಲ್ಯಾಕ್ಟೇಟೋ, ನಾಲಿಗೆ ಕೆಳಗಿನ ಕ್ಯಾಮೆರಾನೋ?

ಡೆಂಗಿ ಶಾಕ್‌ನ (ಡೆಂಗಿ ಜ್ವರದಲ್ಲಿ ಅಂಗಗಳಿಗೆ ರಕ್ತ ಸಾಲದಾಗುವ ಸ್ಥಿತಿ) ಶುರುವಿನಲ್ಲಿ ಮೇಲಿನ ಬಿಪಿ ಸರಿಯಾಗೇ ಕಾಣಬಹುದು. ಆದರೆ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ, ನಾಳಗಳಿಂದ ಸೋರಿ, ಸಣ್ಣ ರಕ್ತನಾಳಗಳಲ್ಲಿ ಹರಿವು ಆಗಲೇ ಕುಗ್ಗಿರುತ್ತದೆ. ಐಸಿಯುನಲ್ಲಿ ಇದನ್ನು ಹಿಡಿಯೋದು ಹೇಗೆ?

ನನ್ನ ಮೊದಲ ಆಯ್ಕೆ ಬೆರಳು. ತುದಿ ಒತ್ತಿ ಬಿಟ್ಟು, ಬಣ್ಣ ಮರಳಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುವುದು. ಡೆಂಗಿಯಲ್ಲಿ 2 ಸೆಕೆಂಡ್ ದಾಟಿದರೆ ಎಚ್ಚರ. ಖರ್ಚಿಲ್ಲ, ಎಷ್ಟು ಸಲ ಬೇಕಾದರೂ ನೋಡಬಹುದು. ಆದರೆ ಎಸಿ ಜಾಸ್ತಿಯಿದ್ದು ಕೈ ತಣ್ಣಗಾಗಿದ್ದರೆ ಲೆಕ್ಕ ತಪ್ಪುತ್ತದೆ. ಒಬ್ಬೊಬ್ಬರು ಒತ್ತುವ ರೀತಿಯೂ ಬೇರೆ, ಅಲ್ವಾ? ಸುಮ್ನೆ ಅಂದಾಜು ಬೇಡ, ಗಡಿಯಾರ ನೋಡಿ ಎಣಿಸಿ.

ಲ್ಯಾಕ್ಟೇಟ್ ಅಂದರೆ ಜೀವಕೋಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು. ರಕ್ತ ಪರೀಕ್ಷೆ ಅದರ ಅಂಕಿ ಕೊಡುತ್ತದೆ, ವಾದಕ್ಕೆ ಜಾಗವಿಲ್ಲ. ಆದರೆ ನಿಧಾನ. ಅದನ್ನು ರಕ್ತದಿಂದ ತೆಗೆಯುವ ಲಿವರ್ ಡೆಂಗಿಯಲ್ಲಿ ಕೆಟ್ಟಿದ್ದರೆ, ಹರಿವು ಸುಧಾರಿಸಿದ ಮೇಲೂ ಇಳಿಯದೆ ಕೂರಬಹುದು. 2019ರ ಆಂಡ್ರೊಮಿಡಾ-ಶಾಕ್ ಅಧ್ಯಯನದಲ್ಲಿ 424 ಸೆಪ್ಟಿಕ್ ಶಾಕ್ (ತೀವ್ರ ಸೋಂಕಿನಿಂದಾಗುವ ಶಾಕ್) ರೋಗಿಗಳಿದ್ದರು. 28 ದಿನಗಳೊಳಗಿನ ಸಾವು ಬೆರಳು ನೋಡಿ ಚಿಕಿತ್ಸೆ ಕೊಟ್ಟವರಲ್ಲಿ 34.9%, ಲ್ಯಾಕ್ಟೇಟ್ ಗುಂಪಿನಲ್ಲಿ 43.4%. ಸಂಖ್ಯಾಶಾಸ್ತ್ರದ ಪ್ರಕಾರ ಈ ಅಂತರ ಗಟ್ಟಿಯಲ್ಲ. ಅವರು ಡೆಂಗಿ ರೋಗಿಗಳೂ ಅಲ್ಲ. ಆದರೂ ಬೆರಳು ಸೋಲಲಿಲ್ಲ.

ನಾಲಿಗೆ ಕೆಳಗಿಡುವ ಕ್ಯಾಮೆರಾ ನೋಡಲು ಚೆಂದ. ಹಸಿರು ಬೆಳಕನ್ನು ಹಿಮೋಗ್ಲೋಬಿನ್ ಹೀರುವುದರಿಂದ ಕೆಂಪು ರಕ್ತಕಣಗಳು ಕಪ್ಪಾಗಿ ಹರಿಯುತ್ತಾ ಕಾಣುತ್ತವೆ. ಯಾವ ನಾಳ ನಿಂತಿದೆ ಅಂತ ನೇರವಾಗಿ ತಿಳಿಯುತ್ತದೆ. ಕೋವಿಡ್ ರೋಗಿಗಳಲ್ಲೂ ಬಳಸಿದ್ದಾರೆ. ಆದರೆ ಸ್ವಲ್ಪ ಜಾಸ್ತಿ ಒತ್ತಿದರೆ ಹರಿವು ನಾವೇ ನಿಲ್ಲಿಸಿದ ಹಾಗೆ! ಸಂಶೋಧನೆ ಮಾಡುವ ಕಡೆ ಇರಲಿ. ರಾತ್ರಿ ಪಾಳಿಯ ನರ್ಸ್‌ಗೆ ಬೆರಳು ಸಾಕು, ಅನುಮಾನ ಬಂದರೆ ಜೊತೆಗೆ ಲ್ಯಾಕ್ಟೇಟ್.