ಪೆಸಿಲೋಮೈಸಿಸ್ ಪುಡಿ: ಎರಡು ಬೆಳೆಗೆ ಹಾಕಿ ನೋಡಿದ ಮೇಲೆ

ಬೇರಲ್ಲಿ ಗಂಟು ಕಟ್ಟಿಸುವ ಹುಳುವಿಗೆ ಹಾಕುವ ಈ ಜೈವಿಕ ಪುಡಿಗೆ 5ಕ್ಕೆ 4 ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಡಿಮೆ ಅಂತ ಕೆಳಗೆ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಅರ್ಧ ಓದಿ ಹಾಕಿದರೆ ದುಡ್ಡು ಮಣ್ಣುಪಾಲು.

ನಮ್ಮದು ಚಿಕ್ಕಬಳ್ಳಾಪುರದ ಕಡೆ, ಮರಳು ಬೆರೆತ ಕೆಂಪು ಮಣ್ಣು. ಟೊಮೆಟೊ ಆದ ಮೇಲೆ ಸೌತೆ, ಸೌತೆ ಆದ ಮೇಲೆ ಮತ್ತೆ ಟೊಮೆಟೊ, ಹೀಗೇ ನಾಲ್ಕು ವರ್ಷ ಬೆಳೆದೆವು. ಐದನೇ ವರ್ಷ ಗಿಡಗಳು ಮಧ್ಯಾಹ್ನ ಬಾಡುವುದು, ಸಂಜೆ ಚೇತರಿಸಿಕೊಳ್ಳುವುದು ಶುರುವಾಯಿತು. ನೀರು ಜಾಸ್ತಿ ಬಿಟ್ಟೆ. ಡ್ರಿಪ್‌ನಲ್ಲಿ ಗೊಬ್ಬರ ಜಾಸ್ತಿ ಕೊಟ್ಟೆ. ಏನೂ ಪ್ರಯೋಜನ ಆಗಲಿಲ್ಲ. ಒಂದು ಗಿಡ ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಬೇರುಗಂಟು ಜಂತುಹುಳು, ಅಂಗಡಿಯವರು ನೆಮಟೋಡ್ ಅಂತಾರಲ್ಲ, ಮಣ್ಣಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ಅದು. ನಮ್ಮ ತಂದೆಯ ಕಾಲದಲ್ಲಿ ಹೊಲಕ್ಕೆ ಫೋರೇಟ್ ಅನ್ನುವ ವಿಷದ ಗುಳಿಗೆ ಎರಚುತ್ತಿದ್ದರು. 2020ರ ಕೊನೆಗೆ ಅದು ದೇಶದಲ್ಲೇ ಪೂರ್ತಿ ನಿಷೇಧ ಆಯಿತು, ಆಗಿದ್ದೇ ಒಳ್ಳೆಯದಾಯಿತು. ಅದನ್ನು ಬರಿಗೈಯಲ್ಲಿ ಎರಚಿ ತಲೆ ಸುತ್ತಿ ಬದುವಿನ ಮೇಲೆ ಕೂತವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ತಂದದ್ದು ಪೆಸಿಲೋಮೈಸಿಸ್ ಲಿಲಾಸಿನಸ್, ಶೇಕಡಾ 1ರ ಪುಡಿ. ಇದು ವಿಷ ಅಲ್ಲ, ಜೀವ ಇರುವ ಶಿಲೀಂಧ್ರ. ಒಂದು ಗ್ರಾಂನಲ್ಲಿ 20 ಲಕ್ಷ ಜೀವಕಣ ಇರಬೇಕು ಅಂತ ಲೇಬಲ್ ಮೇಲೆ ಇರುತ್ತದೆ. (2011ರಲ್ಲಿ ವಿಜ್ಞಾನಿಗಳು ಇದರ ಹೆಸರನ್ನು ಪರ್ಪ್ಯೂರಿಯೋಸಿಲಿಯಂ ಲಿಲಾಸಿನಂ ಅಂತ ಬದಲಾಯಿಸಿದರು. ಪ್ಯಾಕೆಟ್ ಮೇಲೆ ಎರಡರಲ್ಲಿ ಯಾವುದಿದ್ದರೂ ಗಾಬರಿ ಬೇಡ.) ಹೆಣ್ಣು ಜಂತು ಬೇರಿನ ಮೇಲೆ ಲೋಳೆಯ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಈ ಶಿಲೀಂಧ್ರ ಆ ಮೊಟ್ಟೆಯೊಳಗೆ ನುಗ್ಗಿ ಅದನ್ನೇ ತಿಂದು ಬೆಳೆಯುತ್ತದೆ. ಅಂದರೆ ಗಂಟು ಕಟ್ಟಿದ ಬೇರನ್ನು ಇದು ಸರಿಮಾಡುವುದಿಲ್ಲ, ಮುಂದಿನ ಪೀಳಿಗೆಯನ್ನು ತಡೆಯುತ್ತದೆ ಅಷ್ಟೇ. ಬಿಸಿಲುಗಾಲದಲ್ಲಿ ಸುಮಾರು ತಿಂಗಳಿಗೊಂದು ಪೀಳಿಗೆ ಬರುತ್ತದೆ, ಟೊಮೆಟೊ ಹೊಲದಲ್ಲಿ ನಾಲ್ಕೈದು ತಿಂಗಳು ನಿಲ್ಲುತ್ತದೆ, ನೀವೇ ಲೆಕ್ಕ ಹಾಕಿ.

ಮೊದಲನೇ ಸಲ ನನಗೆ ಏನೂ ಫಲ ಸಿಗಲಿಲ್ಲ. ಒಂದು ಅಂಗಡಿಯಲ್ಲಿ ಕೊಟ್ಟ ಪ್ಯಾಕೆಟ್ ಅವಧಿ ಮುಗಿಯುವುದಕ್ಕೆ ಒಂದೇ ತಿಂಗಳು ಇತ್ತು, ಶೀಟ್ ಮಾಡಿನ ಕೆಳಗೆ ಬಿಸಿಯಲ್ಲೇ ಇಟ್ಟಿದ್ದರು, ಪುಡಿ ಗಟ್ಟಿಯಾಗಿತ್ತು. ಅದನ್ನೇ ನೀರಿಗೆ ಕಲಸಿ ಡ್ರಿಪ್‌ನಲ್ಲಿ ಬಿಟ್ಟೆ. ಅದೇ ವಾರ ಬುಡಕೊಳೆಗೆ ಅಂತ ಕಾರ್ಬೆಂಡಜಿಮ್ ಕೂಡ ಬುಡಕ್ಕೆ ಹಾಕಿದ್ದೆ. ಶಿಲೀಂಧ್ರನಾಶಕ ಹಾಕಿದ ಮೇಲೆ ಈ ಶಿಲೀಂಧ್ರ ಮಾತ್ರ ಉಳಿಯುತ್ತದೆಯೇ? ಇಷ್ಟು ಮುಖ್ಯವಾದ ವಿಷಯ ಲೇಬಲ್ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇರಬೇಕಲ್ವಾ? ನಾನು ಕಡಿಮೆ ಮಾಡಿದ ಒಂದು ಅಂಕ ಇದಕ್ಕೇ.

ಎರಡನೇ ಸಲ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳಿಕೊಡುವ ಪದ್ಧತಿಯಲ್ಲೇ ಮಾಡಿದೆ. ಒಂದು ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕೆಜಿ ಪುಡಿ, ಜೊತೆಗೆ ಬೇವಿನ ಹಿಂಡಿ ಬೆರೆಸಿ, ನೆರಳಲ್ಲಿ ರಾಶಿ ಹಾಕಿ, ಒದ್ದೆ ಗೋಣಿಚೀಲ ಮುಚ್ಚಿ, 15-20 ದಿನ ತೇವ ಆರದಂತೆ ನೋಡಿಕೊಂಡೆ. ನಡುವೆ ಎರಡು ಸಲ ತಿರುವಿ ಹಾಕಿದೆ. ನಾಟಿಗೆ ಮೊದಲು ಆ ಗೊಬ್ಬರವನ್ನು ಏರುಮಡಿಗೆ ಸೇರಿಸಿ ಮೇಲೆ ಮಲ್ಚಿಂಗ್ (ಮಣ್ಣಿನ ಹೊದಿಕೆ) ಹಾಕಿದೆ. ಸಸಿಯನ್ನು ಮಣ್ಣಿನ ಮಡಿಯಲ್ಲಿ ಬೆಳೆಸಿದ ಕಡೆಯಿಂದ ತರಲಿಲ್ಲ, ಪ್ರೋಟ್ರೇಯಲ್ಲಿ (ಗುಳಿಗಳಿರುವ ಸಸಿ ತಟ್ಟೆ) ಕೋಕೋಪಿಟ್‌ಗೇ, ಅಂದರೆ ತೆಂಗಿನ ನಾರಿನ ಪುಡಿಗೇ, ಈ ಪುಡಿ ಬೆರೆಸಿ ಬೆಳೆಸಿದ್ದನ್ನೇ ತಂದೆ. ಇದು ಬಹಳ ಮುಖ್ಯ. ಸಸಿಯ ಬೇರಲ್ಲೇ ಹುಳು ಬಂದರೆ ಹೊಲಕ್ಕೆ ಏನು ಹಾಕಿ ಏನು ಪ್ರಯೋಜನ?

ಇನ್ನೊಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ಎಲ್ಲಾ ಕೀರ್ತಿ ಪುಡಿಗೇ ಹೋಗುತ್ತದೆ. ಎರಡು ಟೊಮೆಟೊ ನಡುವೆ ಸೌತೆ ಬಿಟ್ಟು ಚೆಂಡುಹೂ ಹಾಕಿದೆ. ಬದುವಿಗೆ ಒಂದು ಸಾಲು ಅಲ್ಲ, ಇಡೀ ಹೊಲಕ್ಕೆ. ಚೆಂಡುಹೂವಿನ ಬೇರಲ್ಲಿ ಜಂತುವಿಗೆ ಆಗದ ರಸ ಇರುತ್ತದೆ. ಹೂವು ದಸರಾ ಹೊತ್ತಿಗೆ ಬಂತು, ದುಡ್ಡೂ ಬಂತು.

ಈ ಸಲ ಕೊನೇ ಕೊಯ್ಲಾದ ಮೇಲೆ ಹೊಲದ ನಾಲ್ಕು ಮೂಲೆಯಿಂದ ಗಿಡ ಕಿತ್ತು ಬೇರು ತೊಳೆದು ನೋಡಿದೆ. ಗಂಟು ಪೂರ್ತಿ ಹೋಗಿಲ್ಲ. ಆದರೆ ಅಲ್ಲೊಂದು ಇಲ್ಲೊಂದು ಸಣ್ಣ ಗಂಟು, ಮಿಕ್ಕ ಬೇರೆಲ್ಲ ಬೆಳ್ಳಗಿತ್ತು. ಮಧ್ಯಾಹ್ನ ಬಾಡುವುದು ನಿಂತಿತು. ಬೀನ್ಸ್ ಬೆಳೆಯುವವರಿಗೆ ಒಂದು ಸೂಚನೆ: ಬೇರಿನ ಪಕ್ಕದಲ್ಲಿ ಅಂಟಿಕೊಂಡು, ಉಗುರಿನಿಂದ ಉಜ್ಜಿದರೆ ಉದುರುವ ಗಂಟು ಗಿಡಕ್ಕೆ ಗಾಳಿಯ ಸಾರಜನಕ ಒದಗಿಸುವಂಥದ್ದು, ಅದು ಬೇಕು. ಬೇರೇ ಊದಿಕೊಂಡು, ಉಜ್ಜಿದರೂ ಗಂಟು ಉದುರದೇ ಇದ್ದರೆ ಅದು ಹುಳುವಿನದು.

ಮುಂದಿನ ನಾಟಿಗೆ ಇನ್ನೂ ಮೂರು ವಾರ ಇದೆ. ತಯಾರಾದ ದಿನಾಂಕ ನೋಡಿ ತಂದ ಹೊಸ ಪ್ಯಾಕೆಟ್ ಬೆರೆಸಿ, ಹಲಸಿನ ಮರದ ಕೆಳಗೆ ಗೊಬ್ಬರದ ರಾಶಿ ಹಾಕಿ ನಿನ್ನೆ ಗೋಣಿ ಮುಚ್ಚಿದ್ದೇನೆ.