ಐರೇಸಿಂಗ್: ಮಲೆನಾಡಿನ ಮೆತ್ತಿನ ಮೇಲೆ ಕೂತು ಹಲವು ಸೀಸನ್ ಓಡಿಸಿದ ಹವ್ಯಾಸಿಯ ವಿಮರ್ಶೆ

ಐರೇಸಿಂಗ್ ಕಂಪ್ಯೂಟರಿನಲ್ಲಿ ಅಂತರ್ಜಾಲದ ಮೂಲಕ ಇತರರೊಂದಿಗೆ ಕಾರ್ ರೇಸ್ ಓಡಿಸುವ ಸಿಮ್ಯುಲೇಟರ್; ಆದರೆ ಒಮ್ಮೆ ಹಣ ಕೊಟ್ಟು ಕೊಂಡು ಆಡುವ ಆಟವಲ್ಲ. ಚಂದಾ ನಡೆಯುತ್ತಿರುವಷ್ಟು ಕಾಲ ಮಾತ್ರ ಒಳಗೆ ಬಿಟ್ಟುಕೊಳ್ಳುವ ಸ್ಪರ್ಧಾ ಸೇವೆ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡು, ಸಂಜೆಯ ಮೇಲೆ ಮನೆಯ ಮೆತ್ತಿನಲ್ಲಿ, ಅಂದರೆ ಹಲಗೆಯ ಮಹಡಿಯಲ್ಲಿ, ಕೂತು ಇದರ ಚಾಂಪಿಯನ್‌ಷಿಪ್‌ಗಳಲ್ಲಿ ಭಾಗವಹಿಸುವ ಹವ್ಯಾಸಿ ನಾನು. ಮೊದಲ ತಿಂಗಳ ಹುಮ್ಮಸ್ಸಿನಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ, ಅವುಗಳಲ್ಲಿ ಚಿತ್ರದ ಗುಣಮಟ್ಟ ಮತ್ತು ಎಂಜಿನ್ ಸದ್ದಿನ ವರ್ಣನೆಯೇ ಹೆಚ್ಚು. ಹಲವು ಸೀಸನ್ ಕಳೆದ ಮೇಲೆ ಆ ಸಂಗತಿಗಳು ಕಣ್ಣಿಗೂ ಕಿವಿಗೂ ಬೀಳುವುದನ್ನು ನಿಲ್ಲಿಸುತ್ತವೆ. ಆಮೇಲೆ ಉಳಿಯುವುದು ಸಾಧಾರಣ ವೇಗದ ಚಾಲಕನಿಗೆ ಇಲ್ಲಿ ನಿಜವಾದ ಸ್ಪರ್ಧೆ ಸಿಗುತ್ತದೆಯೇ ಎಂಬ ಪ್ರಶ್ನೆ. ಸಿಗುತ್ತದೆ, ಆದರೆ ವೇಗವನ್ನೇ ನೆಚ್ಚಿಕೊಂಡವನಿಗಿಂತ, ವಾರ ತಪ್ಪದೆ ಬಂದು ಯಾರಿಗೂ ಗುದ್ದದೆ ರೇಸ್ ಮುಗಿಸುವವನಿಗೆ ಹೆಚ್ಚು ಸಿಗುತ್ತದೆ ಎಂಬುದು ನನ್ನ ಅನುಭವ.

ಈ ಸೇವೆ ಸಾರ್ವಜನಿಕರಿಗೆ ತೆರೆದುಕೊಂಡದ್ದು 2008ರಲ್ಲಿ. ಪಪೈರಸ್ ಎಂಬ ಹಳೆಯ ಸಿಮ್ಯುಲೇಟರ್ ಸಂಸ್ಥೆಯ ಸಹಸ್ಥಾಪಕರಾಗಿದ್ದ ಡೇವ್ ಕೇಮರ್ ಅವರೂ, ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಒಡೆತನದಿಂದಾಗಿ ನಮ್ಮವರಿಗೆ ಹೆಚ್ಚು ಪರಿಚಿತರಾದ ಜಾನ್ ಹೆನ್ರಿ ಅವರೂ ಸೇರಿ ಇದನ್ನು ಕಟ್ಟಿದರು. ನಿಜವಾದ ಟ್ರ್ಯಾಕ್‌ಗಳನ್ನು ಲೇಸರ್ ಸ್ಕ್ಯಾನ್ ಮಾಡಿ, ರಸ್ತೆಯ ಸಣ್ಣ ಉಬ್ಬುತಗ್ಗನ್ನೂ ಬಿಡದೆ ತಂದಿರುವುದು ಇದರ ಹೆಸರಿಗೆ ಮೊದಲ ಕಾರಣವಾದರೂ, ನಾವು ಚಂದಾ ಕಟ್ಟುವುದು ವಾಸ್ತವದಲ್ಲಿ ಇದರ ಲೈಸೆನ್ಸ್ ವ್ಯವಸ್ಥೆಗೆ. ಎಲ್ಲರೂ ರೂಕಿ ದರ್ಜೆಯಿಂದಲೇ ಆರಂಭಿಸಿ ಡಿ, ಸಿ, ಬಿ, ಎ ಎಂದು ಮೇಲೇರಬೇಕು. ಏರಿಸುವುದೂ ಇಳಿಸುವುದೂ ಸೇಫ್ಟಿ ರೇಟಿಂಗ್. ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ 1, ಹಿಡಿತ ತಪ್ಪಿ ತಿರುಗಿದರೆ 2, ಇನ್ನೊಂದು ಕಾರಿಗೆ ಜೋರಾಗಿ ತಾಗಿದರೆ 4 ತಪ್ಪಂಕಗಳು ಬೀಳುತ್ತವೆ. ದಾಟಿದ ತಿರುವುಗಳಿಗೂ ಈ ಅಂಕಗಳಿಗೂ ಇರುವ ಪ್ರಮಾಣದಿಂದ ರೇಟಿಂಗ್ ನಿರ್ಧಾರವಾಗುತ್ತದೆ. ಡಿಕ್ಕಿಯಲ್ಲಿ ತಪ್ಪು ಯಾರದ್ದೆಂದು ವ್ಯವಸ್ಥೆ ನೋಡುವುದಿಲ್ಲ, ಇಬ್ಬರಿಗೂ ಅಂಕ ಬೀಳುತ್ತದೆ.

ಹೊಸಬರಿಗೆ ಇದು ಅನ್ಯಾಯವೆನಿಸುತ್ತದೆ. ನನಗೆ ಈಗ ಇದೇ ಇಡೀ ಸೇವೆಯ ಅತ್ಯುತ್ತಮ ನಿಯಮವೆನಿಸಿದೆ. ತಪ್ಪು ತನ್ನದಲ್ಲದಿದ್ದರೂ ಬೆಲೆ ತೆರಬೇಕಾಗುತ್ತದೆ ಎಂದು ಗೊತ್ತಿರುವ ಚಾಲಕ, ಮುಂದಿನವನು ಬ್ರೇಕನ್ನು ತಡವಾಗಿ ಒತ್ತುತ್ತಾನೆಂಬ ಸುಳಿವು ಸಿಕ್ಕಿದೊಡನೆ ತಾನೇ ಜಾಗ ಬಿಡಲು ಕಲಿಯುತ್ತಾನೆ. ರೂಕಿ ದರ್ಜೆಯ ಮಾಜ್ಡಾ ಎಂಎಕ್ಸ್-5 ರೇಸ್‌ಗಳಲ್ಲಿ ಮೊದಲ ತಿರುವಿನಲ್ಲೇ ಹತ್ತು ಕಾರು ಒಂದರ ಮೇಲೊಂದು ಬೀಳುವುದು ಸಾಮಾನ್ಯ; ಅಲ್ಲಿಂದ ಬೇಗ ಹೊರಬರಬೇಕೆನ್ನುವವರು ಗ್ರಿಡ್‌ನಲ್ಲಿ ನಿಲ್ಲದೆ ಟ್ರ್ಯಾಕಿನ ಪಕ್ಕದ ಪಿಟ್ ಲೇನಿನಿಂದ ಎಲ್ಲರ ಹಿಂದೆ ಹೊರಡುವುದು ಒಳ್ಳೆಯದು. ರೇಟಿಂಗ್ 3 ಮುಟ್ಟಿದರೆ ರೂಕಿಯಿಂದ ಬಿಡುಗಡೆಯಾಗುತ್ತದೆ, ಡಿ ದರ್ಜೆಗೆ ಬರುವಷ್ಟರಲ್ಲಿ ಜೊತೆಗಿರುವವರ ನಡತೆಯೂ ಎದ್ದು ಕಾಣುವಷ್ಟು ಸುಧಾರಿಸಿರುತ್ತದೆ. ಎಲ್ಲರೂ ನಿಜ ಹೆಸರಿನಲ್ಲೇ ಓಡಿಸಬೇಕೆಂಬ ಕಡ್ಡಾಯವೂ, ಬೇಕೆಂದೇ ಗುದ್ದಿದವರ ಮೇಲೆ ರೀಪ್ಲೇ ಸಮೇತ ದೂರು ಕೊಡುವ ಅವಕಾಶವೂ ಇದಕ್ಕೆ ನೆರವಾಗಿವೆ. (ನಮ್ಮ ಕಡೆಯ ಹೆಸರುಗಳನ್ನು ಪೋಲೆಂಡಿನವರೂ ಬ್ರೆಜಿಲ್‌ನವರೂ ಉಚ್ಚರಿಸುವ ಬಗೆಯನ್ನು ಹೆಡ್‌ಫೋನಿನಲ್ಲಿ ಕೇಳುವುದು ಚಂದಾದಲ್ಲಿ ಸೇರಿರದ ಮನರಂಜನೆ.)

ವೇಗದ ಲೆಕ್ಕಕ್ಕೆ ಐರೇಟಿಂಗ್ ಎಂಬ ಬೇರೆಯೇ ಸಂಖ್ಯೆಯಿದೆ. ಅದು 1350ರಿಂದ ಆರಂಭವಾಗಿ, ಯಾರನ್ನು ಹಿಂದೆ ಹಾಕಿದಿರಿ, ಯಾರ ಹಿಂದೆ ಉಳಿದಿರಿ ಎಂಬುದರ ಮೇಲೆ ಏರಿಳಿಯುತ್ತದೆ. ಒಂದೇ ಹೊತ್ತಿಗೆ ನೂರಾರು ಜನ ನೋಂದಾಯಿಸಿದಾಗ ಈ ಸಂಖ್ಯೆಯ ಪ್ರಕಾರ ಅವರನ್ನು ಸಮಬಲದವರ ಗುಂಪುಗಳಾಗಿ, ಅಂದರೆ ಸ್ಪ್ಲಿಟ್‌ಗಳಾಗಿ ವಿಂಗಡಿಸುವುದರಿಂದ, ಹನ್ನೆರಡನೆಯ ಸ್ಥಾನಕ್ಕಾಗಿ ನಡೆಯುವ ಜಗಳವೂ ಮೊದಲ ಸ್ಥಾನದ್ದರಷ್ಟೇ ಬಿಸಿಯಾಗಿರುತ್ತದೆ. ಚಾಂಪಿಯನ್‌ಷಿಪ್ ಪಟ್ಟಿಯಲ್ಲಿಯೂ ಇದೇ ತರ್ಕವಿದೆ: ಚಾಲಕರನ್ನು 1ರಿಂದ 10ರವರೆಗಿನ ಡಿವಿಷನ್‌ಗಳಲ್ಲಿ ಇರಿಸುತ್ತಾರೆ, ಆದ್ದರಿಂದ ನನ್ನಂಥವನು ಜಗತ್ತಿನ ಅತಿ ವೇಗಿಗಳೊಂದಿಗೆ ಹೋಲಿಸಿಕೊಂಡು ಕೊರಗಬೇಕಾಗಿಲ್ಲ, ತನ್ನ ಡಿವಿಷನ್ನಿನಲ್ಲಿ ಎಷ್ಟನೆಯವನೆಂದು ನೋಡಿಕೊಂಡರೆ ಸಾಕು.

ಸೀಸನ್ ಎಂದರೆ 12 ವಾರ, ವಾರಕ್ಕೊಂದು ಟ್ರ್ಯಾಕ್. ಈ 12ರಲ್ಲಿ ಅತ್ಯುತ್ತಮ 8 ವಾರಗಳ ಅಂಕ ಮಾತ್ರ ಲೆಕ್ಕಕ್ಕೆ ಬರುತ್ತದೆ. ಒಂದೇ ವಾರದಲ್ಲಿ ಹಲವು ರೇಸ್ ಓಡಿಸಿದರೆ ಅವುಗಳಲ್ಲಿ ಮೇಲಿನ ಕಾಲು ಭಾಗದ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಅಂದರೆ ನಾಲ್ಕು ರೇಸ್‌ವರೆಗೆ ಅತ್ಯುತ್ತಮವಾದ ಒಂದೇ ಸಾಕು, ಐದನೆಯದನ್ನು ಓಡಿಸಿದೊಡನೆ ಎರಡರ ಸರಾಸರಿ ಬೇಕಾಗುತ್ತದೆ. ಒಳ್ಳೆಯ ಅಂಕ ಬಂದ ವಾರ ನಾಲ್ಕಕ್ಕೆ ನಿಲ್ಲಿಸಿ ಕೈಕಟ್ಟಿ ಕೂರುವುದು ಜಾಣತನವೆಂದು ಈ ಸೂತ್ರವೇ ಹೇಳಿಕೊಡುತ್ತದೆ.

ಮಲೆನಾಡಿನ ಚಾಲಕನಿಗೆ, 12ರಲ್ಲಿ ಲೆಕ್ಕದಿಂದ ಬಿಟ್ಟುಹೋಗುವ ಆ ನಾಲ್ಕು ವಾರಗಳ ರಿಯಾಯಿತಿ ಎಷ್ಟು ಮುಖ್ಯವೆಂಬುದನ್ನು ಇಲ್ಲಿನ ವರ್ಷದ ಕೆಲಸಗಳ ಜೊತೆಗಿಟ್ಟು ನೋಡಿದರೆ ಮಾತ್ರ ತಿಳಿಯುತ್ತದೆ. ಹೊಸ ಸೀಸನ್‌ಗಳು ಸುಮಾರಾಗಿ ಡಿಸೆಂಬರ್, ಮಾರ್ಚ್, ಜೂನ್ ಮತ್ತು ಸೆಪ್ಟೆಂಬರ್ ತಿಂಗಳುಗಳ ನಡುವಿನಲ್ಲಿ ಆರಂಭವಾಗುತ್ತವೆ. ಜೂನ್ ಸೀಸನ್ ಪೂರ್ತಿ ಮಳೆಗಾಲದ ಪಾಲು. ಅಡಿಕೆಯ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೆ ಮಳೆ ಬಿಟ್ಟು ಹೊಳವಾದ ದಿನ ಹುಡುಕುವುದು ಒಂದು ಕಡೆಯಾದರೆ, ಮರ ಬಿದ್ದು ಕರೆಂಟ್ ಹೋಗುವುದು ಇನ್ನೊಂದು ಕಡೆ. ಸೆಪ್ಟೆಂಬರ್ ಮತ್ತು ಡಿಸೆಂಬರ್ ಸೀಸನ್‌ಗಳ ಬಹುಭಾಗವನ್ನು ಕೊನೆ (ಅಡಿಕೆ ಗೊನೆ) ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ತಿಂದುಹಾಕುತ್ತವೆ. ಕೊನೆಗಾರ ಬರುತ್ತೇನೆಂದ ದಿನ ಬೇರೆ ಯಾವ ಕಾರ್ಯಕ್ರಮವೂ ನಡೆಯದೆಂಬುದು ಈ ಕಡೆಯ ಎಲ್ಲರಿಗೂ ಗೊತ್ತು. ಮಾರ್ಚ್ ಸೀಸನ್ನೇ ನನಗೆ ಅತ್ಯಂತ ಅನುಕೂಲದ್ದು. ಅದರಲ್ಲಿಯೂ ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ರೌಟರಿನಿಂದ ಹಿಡಿದು ಎಲ್ಲ ಪ್ಲಗ್‌ಗಳನ್ನೂ ಕಿತ್ತಿಡಬೇಕಾಗುತ್ತದೆ. ಫೈಬರ್ ಎಳೆಯಲ್ಲಿ ಸಿಡಿಲು ಹರಿದು ಬರುವುದಿಲ್ಲ ಎಂಬುದು ನಿಜವಾದರೂ, ಅದರ ಪೆಟ್ಟಿಗೆಗೆ ಕರೆಂಟ್ ಕೊಡುವ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂದುಕೊಂಡವರು ಎರಡು ವಿಷಯ ಗಮನಿಸಬೇಕು. ಮೊದಲನೆಯದಾಗಿ, ಅದರ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿರಬೇಕು. ಇಲ್ಲವಾದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಫ್ಯಾನಿಗೆ ಏನೂ ಆಗದಿದ್ದರೂ ಕಂಪ್ಯೂಟರ್ ಆರಿ ಹತ್ತುತ್ತದೆ. ಎರಡನೆಯದಾಗಿ, ನಿಮ್ಮ ಮನೆಯಲ್ಲಿ ಎಲ್ಲವೂ ಉರಿಯುತ್ತಿದ್ದರೂ, ಇಂಟರ್ನೆಟ್ ಕೊಡುವವರ ಊರಿನ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ ರೇಸ್ ಅಲ್ಲಿಗೇ ಮುಗಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸಬಹುದು, ಏಕೆಂದರೆ ರೇಸಿಗೆ ಬೇಕಾದ ಡೇಟಾ ಸಿನೆಮಾ ನೋಡಲು ಬೇಕಾದಷ್ಟೂ ಇಲ್ಲ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ವೇಗವಲ್ಲ, ಸ್ಥಿರತೆ. ನಮ್ಮಲ್ಲಿಂದ ಯುರೋಪಿನ ಸರ್ವರ್‌ಗೆ 150ರಿಂದ 200 ಮಿಲಿಸೆಕೆಂಡ್ ಪಿಂಗ್ (ಸಂದೇಶ ಹೋಗಿ ಬರಲು ಹಿಡಿಯುವ ಸಮಯ) ಬರುವುದನ್ನು ನಾನು ನೋಡಿದ್ದೇನೆ. ಅದು ಏರುಪೇರಾಗದೆ ನಿಂತಿದ್ದರೆ ತೊಂದರೆಯಿಲ್ಲ, ಏಕೆಂದರೆ ಪಕ್ಕದ ಕಾರು ಎಲ್ಲಿರಬಹುದೆಂದು ಊಹಿಸಿ ತೋರಿಸುವುದೇ ಈ ತಂತ್ರಾಂಶದ ರೀತಿ. ಪಿಂಗ್ ಕುಣಿಯತೊಡಗಿದರೆ ಊಹೆ ತಪ್ಪುತ್ತದೆ, ನಿಮ್ಮ ಪರದೆಯಲ್ಲಿ ತಾಗದ ಕಾರು ಇನ್ನೊಬ್ಬರ ಪರದೆಯಲ್ಲಿ ತಾಗಿರುತ್ತದೆ. ಆದ್ದರಿಂದ ಪಕ್ಕಪಕ್ಕದಲ್ಲಿ ಓಡಿಸುವಾಗ ಯುರೋಪಿನವರು ಬಿಡುವುದಕ್ಕಿಂತ ಒಂದು ಗೇಣು ಹೆಚ್ಚೇ ಜಾಗ ಬಿಡುವುದು ನಮಗೆ ಕ್ಷೇಮ. ಇದು ನಮ್ಮ ಊರಿನ ಪಾಡು ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ಬೇರೆ ಸಿಮ್ಯುಲೇಟರಿನಲ್ಲಿ ನಡೆದ 2023ರ ವರ್ಚುವಲ್ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಮುಂಚೂಣಿಯಲ್ಲಿದ್ದ ಫಾರ್ಮುಲಾ ಒನ್ ಚಾಲಕ ಮ್ಯಾಕ್ಸ್ ವರ್ಸ್ಟಾಪೆನ್ ಅವರ ಸಂಪರ್ಕವೇ ಕಡಿದುಹೋಗಿತ್ತು.

ಹೊತ್ತಿನ ವಿಷಯದಲ್ಲಿ ನಮಗೆ ಅರ್ಧ ಲಾಭ, ಅರ್ಧ ನಷ್ಟ. ಯುರೋಪಿನವರು ಊಟ ಮುಗಿಸಿ ಕೂರುವ ಹೊತ್ತಿಗೆ ನಮ್ಮಲ್ಲಿ ನಡುರಾತ್ರಿ ಸಮೀಪಿಸಿರುತ್ತದೆ, ಬೆಳಿಗ್ಗೆ ಬೇಗ ಏಳಬೇಕಾದವರಿಗೆ ಅದು ಆಗುವ ಮಾತಲ್ಲ. ನಮ್ಮ ಸಂಜೆ ಏಳು ಎಂಟು ಗಂಟೆಗೆ ಜನ ಕಡಿಮೆ, ಸ್ಪ್ಲಿಟ್‌ಗಳೂ ಕಡಿಮೆ, ಹಾಗಾಗಿ ನಿಮಗಿಂತ ಬಹಳ ವೇಗದವರ ಜೊತೆ ಬೀಳುವ ಸಂಭವ ಹೆಚ್ಚು. ಶನಿವಾರ, ಭಾನುವಾರದ ಸಂಜೆಗಳು ಇದಕ್ಕೆ ಅಪವಾದ.

ಇನ್ನು ಖರ್ಚು. ನಾನು ಸೇರಿದಾಗ ತಿಂಗಳಿಗೆ 13 ಡಾಲರ್, ವರ್ಷಕ್ಕೆ 110 ಡಾಲರ್ ಚಂದಾ ಇತ್ತು. ಇದರ ಮೇಲೆ ಒಂದೊಂದು ಕಾರಿಗೆ ಸುಮಾರು 12, ಬಹುತೇಕ ಟ್ರ್ಯಾಕ್‌ಗಳಿಗೆ 15 ಡಾಲರ್ ಆಗಿತ್ತು. ಎಲ್ಲವೂ ಡಾಲರಿನಲ್ಲಿ ಇರುವುದರಿಂದ ಬ್ಯಾಂಕಿನ ವಿನಿಮಯ ಶುಲ್ಕವನ್ನೂ ಸೇರಿಸಿಕೊಳ್ಳಬೇಕು. ಇಲ್ಲಿಯೂ 8 ವಾರದ ನಿಯಮ ಕೈಹಿಡಿಯುತ್ತದೆ: ಚಂದಾದ ಜೊತೆಗೇ ಬರುವ ಲೈಮ್ ರಾಕ್, ಸಮಿಟ್ ಪಾಯಿಂಟ್, ಲಗುನಾ ಸೆಕಾದಂಥ ಟ್ರ್ಯಾಕ್‌ಗಳು ಎಷ್ಟಿವೆಯೆಂದು ವೇಳಾಪಟ್ಟಿಯಲ್ಲಿ ಮೊದಲು ನೋಡಿ, 8 ತುಂಬಲು ಬೇಕಾದಷ್ಟನ್ನು ಮಾತ್ರ ಒಟ್ಟಿಗೆ ಕೊಂಡರೆ ಒಂದಿಷ್ಟು ರಿಯಾಯಿತಿಯೂ ಸಿಗುತ್ತದೆ. ಕಾರಿಗಾಗಿ ಆಸೆಪಡುವವನು ಇಲ್ಲಿ ಬೇಗ ಬಡವನಾಗುತ್ತಾನೆ. ಒಂದೇ ಕಾರು ಹಿಡಿದು ಎರಡು ಮೂರು ಸೀಸನ್ ಓಡಿಸಿದವನಿಗೆ ಮಾತ್ರ ಕಾಸಿಗೆ ತಕ್ಕ ಕಜ್ಜಾಯ.

ಉಪಕರಣಗಳಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಸ್ಟೀರಿಂಗ್ ವೀಲ್ ಮೇಲೆ. ಮೊದಲ ದುಡ್ಡು ಹಾಕಬೇಕಾದದ್ದು ಬ್ರೇಕ್ ಪೆಡಲಿಗೆ ಎಂದು ನಾನು ಹೇಳುತ್ತೇನೆ. ಅಗ್ಗದ ಪೆಡಲ್‌ಗಳು ಅದನ್ನು ಎಷ್ಟು ದೂರ ಒತ್ತಿದಿರೆಂದು ಅಳೆಯುತ್ತವೆ, ಲೋಡ್ ಸೆಲ್ ಇರುವವು ಎಷ್ಟು ಬಲ ಹಾಕಿದಿರೆಂದು ಅಳೆಯುತ್ತವೆ. ಕಾಲಿಗೆ ದೂರಕ್ಕಿಂತ ಬಲ ಚೆನ್ನಾಗಿ ನೆನಪಿರುತ್ತದೆ. ತಿರುವಿನೊಳಗೆ ಹೋಗುತ್ತಾ ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವ ಹದ ಸಿಕ್ಕಿದ ಮೇಲೆ ನನ್ನ ಲ್ಯಾಪ್‌ಗಳ ನಡುವಿನ ಅಂತರ ಕಡಿಮೆಯಾಯಿತು; ಆಮೇಲೆ ಗೇರ್ ಚಾಲಿತ ಹಳೆಯ ವೀಲ್ ಕೊಟ್ಟು ಮೋಟರಿಗೇ ನೇರವಾಗಿ ಜೋಡಿಸಿದ, 5.5 ನ್ಯೂಟನ್ ಮೀಟರ್ ಬಲದ ಡೈರೆಕ್ಟ್ ಡ್ರೈವ್ ವೀಲ್ ತಂದಾಗ ಸುಖ ಹೆಚ್ಚಿತೇ ಹೊರತು ಅಂಕಪಟ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ನಯವಾದ ಕೆಂಪು ಗಾರೆ ನೆಲದ ಮೇಲೆ ಪೆಡಲ್ ಜಾರುವುದಕ್ಕೆ ಮೆತ್ತಿನ ಹಲಗೆ ನೆಲವೇ ಪರಿಹಾರವಾಯಿತು. ಸಾವಿರಾರು ರೂಪಾಯಿಯ ಸಿದ್ಧ ರಿಗ್ (ಸೀಟು, ವೀಲ್, ಪೆಡಲ್ ಕೂರಿಸುವ ಚೌಕಟ್ಟು) ಬದಲು, ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಬಾಕ್ಸ್ ಪೈಪಿನಿಂದ ಮಾಡಿಸಿ ಗುಜರಿಯ ಕಾರ್ ಸೀಟು ಕೂರಿಸಿದ ಚೌಕಟ್ಟು ಈಗಲೂ ಅಲುಗಾಡಿಲ್ಲ. ಮಳೆಗಾಲದ ತೇವಕ್ಕೆ ಹಳೆಯ ಬಗೆಯ ಪೆಡಲ್‌ಗಳ ಒಳಗೆ ಕೊಳೆ ಸೇರಿ, ಒತ್ತದಿದ್ದರೂ ಒತ್ತಿದಂತೆ ತೋರಿಸುವುದುಂಟು. ಬಳಸದ ದಿನಗಳಲ್ಲಿ ಮುಚ್ಚಿಟ್ಟು ವರ್ಷಕ್ಕೊಮ್ಮೆ ಬಿಚ್ಚಿ ಶುಚಿ ಮಾಡುವುದು ಅಗತ್ಯ.

ಮಳೆಯ ಮಾತು ಬಂದದ್ದರಿಂದ ಹೇಳುತ್ತೇನೆ, 2024ರ ಎರಡನೆಯ ಸೀಸನ್ನಿನಲ್ಲಿ ಈ ಸೇವೆಗೆ ಮಳೆ ಬಂತು, ನಾನು ನೋಡಿದ ಬದಲಾವಣೆಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ. ಒಣ ದಿನಗಳಲ್ಲಿ ಟೈರಿನ ರಬ್ಬರು ಕೂತು ಹಿಡಿತ ಕೊಡುವ ಸಾಲೇ ನೀರು ಬಿದ್ದೊಡನೆ ಅತಿ ಜಾರುವ ಸಾಲಾಗುತ್ತದೆ. ವರ್ಷಗಟ್ಟಲೆ ಬಾಯಿಪಾಠ ಮಾಡಿದ ದಾರಿಯನ್ನು ಬಿಟ್ಟು, ತಿರುವಿನ ಹೊರಮೈಯಲ್ಲಿ ಹಿಡಿತ ಹುಡುಕಬೇಕು. ಮಳೆಯ ವಾರಗಳಲ್ಲಿ ವೇಗಿಗಳೂ ಸಾಲುಸಾಲಾಗಿ ಹುಲ್ಲಿಗೆ ಇಳಿಯುವುದರಿಂದ, ನಿಧಾನವಾಗಿ ಆದರೂ ಮುಗಿಸುವವನ ಅಂಕ ತಾನಾಗಿ ಏರುತ್ತದೆ. ನನ್ನ ಡಿವಿಷನ್ನಿನಲ್ಲಿ ನನಗೆ ಬಂದ ಒಳ್ಳೆಯ ಸ್ಥಾನಗಳಲ್ಲಿ ಹೆಚ್ಚಿನವು ಒದ್ದೆ ಟ್ರ್ಯಾಕಿನವೇ.

ಕೊರತೆಗಳೂ ಇವೆ. 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ 5.125 ಕಿಲೋಮೀಟರಿನ ಬುದ್ಧ್ ಸರ್ಕ್ಯೂಟ್ ಇಲ್ಲಿಲ್ಲ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕೂ ಇಲ್ಲ. ಘಟ್ಟದ ರಸ್ತೆಯ ರುಚಿ ಬೇಕೆಂದರೆ ಆಸ್ಟ್ರೇಲಿಯಾದ ಮೌಂಟ್ ಪನೋರಮಾ ಕೊಳ್ಳಬೇಕು: ಉಳಿದ ದಿನಗಳಲ್ಲಿ ಊರವರೇ ಓಡಾಡುವ 6.213 ಕಿಲೋಮೀಟರಿನ ಗುಡ್ಡದ ರಸ್ತೆ, 174 ಮೀಟರ್ ಏರಿಳಿತ, ಮುಂದೇನಿದೆಯೆಂದು ಕಾಣದ ತಿರುವುಗಳು. ಆಗುಂಬೆಯ 14 ತಿರುವು ಇಳಿದವರಿಗೂ ಅಲ್ಲಿ ಮೈ ಜುಮ್ಮೆನ್ನುತ್ತದೆ.

ವಾರಕ್ಕೆ ಒಂದು ಸಂಜೆಯನ್ನಾದರೂ ಖಚಿತವಾಗಿ ಮೀಸಲಿಡಲಾಗದವರಿಗೆ ಈ ಚಂದಾವನ್ನು ನಾನು ಸೂಚಿಸುವುದಿಲ್ಲ. ಅವರಿಗೆ 2019ರಲ್ಲಿ ಪೂರ್ಣ ರೂಪದಲ್ಲಿ ಬಂದ ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ ಎಂಬ ಸಿಮ್ಯುಲೇಟರ್ ಒಳ್ಳೆಯದು. ಒಮ್ಮೆ ಕೊಂಡರೆ ತಿಂಗಳ ಚಂದಾ ಇಲ್ಲ, ಜಿಟಿ3 ಎಂಬ ವರ್ಗದ ರೇಸ್ ಕಾರುಗಳ ಅನುಭವ ಚೆನ್ನಾಗಿದೆ, ಲೋ ಫ್ಯೂಯಲ್ ಮೋಟರ್‌ಸ್ಪೋರ್ಟ್ ಎಂಬ ಜಾಲತಾಣದ ಮೂಲಕ ರೇಟಿಂಗ್ ಇರುವ ರೇಸ್‌ಗಳೂ ಸಿಗುತ್ತವೆ. ಪ್ಲೇಸ್ಟೇಷನ್ ಇರುವವರು ಗ್ರಾನ್ ಟುರಿಸ್ಮೊ 7ರಲ್ಲಿ ಆರಂಭಿಸಿ ತಮಗಿದು ಹಿಡಿಸುತ್ತದೆಯೇ ಎಂದು ನೋಡಬಹುದು. ಐರೇಸಿಂಗ್‌ಗೇ ಬರುವವರು ಹೊಸ ಸದಸ್ಯರಿಗೆ ಕೊಡುವ ರಿಯಾಯಿತಿಯಲ್ಲಿ ಮೂರು ತಿಂಗಳಿಗೆ ಸೇರಿ, ಚಂದಾದೊಂದಿಗೆ ಬರುವ ಮಾಜ್ಡಾದಲ್ಲೇ ಒಂದು ಸೀಸನ್ ಪೂರ್ತಿ ಮುಗಿಸಿ, ಆಮೇಲೆ ಬೇರೆ ಕಾರಿನ ಬೆಲೆ ಕೇಳಲಿ. ನನ್ನ ಚಂದಾವನ್ನು ಈ ಬಾರಿಯೂ ವರ್ಷಕ್ಕೆ ನವೀಕರಿಸಿದ್ದೇನೆ.