ಸ್ಪೀಕರ್ ಕೇಬಲ್: ಬೆಳ್ಳಿಯೋ, ದಪ್ಪ ತಾಮ್ರವೋ?

ಸ್ಪೀಕರ್ ಕೇಬಲ್‌ನಲ್ಲಿ ಮೊದಲು ನೋಡಬೇಕಾದದ್ದು ರೋಧ, ಅಂದರೆ ವಿದ್ಯುತ್ ಹರಿವಿಗೆ ತಂತಿ ಒಡ್ಡುವ ತಡೆ. ತಾಮ್ರಕ್ಕಿಂತ ಬೆಳ್ಳಿ ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ನಿಜ. ಆದರೆ ಅಷ್ಟೇ ದಪ್ಪದ ತಂತಿಯಲ್ಲಿ ರೋಧ ಸುಮಾರು 6% ಕಡಿಮೆ, ಅಷ್ಟೇ. ತಾಮ್ರವನ್ನೇ ಚೂರು ದಪ್ಪ ತೆಗೆದುಕೊಂಡರೆ ಆ ಲಾಭ ಸಿಕ್ಕಿಬಿಡುತ್ತದೆ, ಅಲ್ವಾ?

ಲೆಕ್ಕ ಹಾಕಿ ನೋಡಿ. ಸ್ಪೀಕರ್ 10 ಮೀಟರ್ ದೂರ ಇದ್ದರೆ ಹೋಗಿ ಬರಲು 20 ಮೀಟರ್ ತಂತಿ. 1 ಚದರ ಮಿಮೀ ದಪ್ಪದ ತಾಮ್ರವಾದರೆ ರೋಧ ಸುಮಾರು 0.34 ಓಮ್, 2.5 ಆದರೆ 0.14. ತಂತಿಯ ರೋಧ ಸ್ಪೀಕರ್‌ನ ರೋಧದ 5% ದಾಟಬಾರದು ಎನ್ನುವುದು ರೂಢಿ. 4 ಓಮ್ ಸ್ಪೀಕರ್‌ಗೆ ಅದು 0.2 ಓಮ್. ಹಾಗಾಗಿ ದೊಡ್ಡ ಕೋಣೆಗೆ ನನ್ನ ಆಯ್ಕೆ 2.5 ತಾಮ್ರ. ಎರಡು ಮೂರು ಮೀಟರ್‌ಗೆ 1.5 ಸಾಕು, ಸುಮ್ನೆ ಜಾಸ್ತಿ ಕೊಡಬೇಡಿ.

ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬಗ್ಗೆ ಮಾತ್ರ ಎಚ್ಚರ. ನೋಡಲು ತಾಮ್ರವೇ, ರೋಧ ಸುಮಾರು ಒಂದೂವರೆ ಪಟ್ಟು.